ಮನೆ ಪಕ್ಕ ಕಾಂಪ್ಲೆಕ್ಸ್ ಬರುತ್ತಂತಾ? ಆ ಹದಿನೈದು ದಿನ ಮರೀಬೇಡಿ!

"ಮೂಲೆ ಮನೆ ಮಾರಾಟ ಆಯ್ತಂತೆ. ಒಡೆದು ಕಾಂಪ್ಲೆಕ್ಸ್ ಕಟ್ತಾರಂತೆ, ಮೇಲ್ಗಡೆ ಬಾರ್ ಬೇರೆ ಬರುತ್ತಂತೆ!"

ತರಕಾರಿ ಗಾಡಿ ಮುಂದೆ ಇಂಥ ಸುದ್ದಿ ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಪಾಯ ಅಗೆಯುವಾಗ ನಮ್ಮ ಗೋಡೆ ಬಿರುಕು ಬಿಟ್ಟರೆ? ಬೋರ್‌ವೆಲ್ ಬತ್ತಿದರೆ? ಗೇಟಿಗೆ ಅಡ್ಡವಾಗಿ ಯಾರದೋ ಕಾರು ನಿಂತು, ಅತ್ತೆ-ಮಾವನಿಗೆ ಹುಷಾರು ತಪ್ಪಿದಾಗ ಆಂಬುಲೆನ್ಸ್ ಒಳಗೆ ಬರದಿದ್ದರೆ? ಇಷ್ಟೆಲ್ಲ ಯೋಚಿಸಿ ಕೊನೆಗೆ, 'ದುಡ್ಡಿದ್ದೋರು ಕಟ್ತಾರೆ, ನಾವೇನ್ ಮಾಡೋಕಾಗುತ್ತೆ' ಅಂತ ಕೈಚೆಲ್ಲುತ್ತೇವೆ. ಮಾಡೋಕಾಗುತ್ತೆ. ಆದರೆ ಬೇಗ ಮಾಡಬೇಕು, ಅಷ್ಟೆ.

ನಿವಾಸಿಗಳು ಗೆದ್ದಾಗ

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಒಂದು ಜಾಗವಿತ್ತು. 1976ರಲ್ಲಿ ಸರ್ಕಾರದ ಆದೇಶದಂತೆ ಅದನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಟ್ರಸ್ಟ್ ಒಂದಕ್ಕೆ ಕೊಡಲಾಯಿತು. ಅಲ್ಲಿನ ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಸೋತರೂ ಬಿಡಲಿಲ್ಲ, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ ಆ ನ್ಯಾಯಾಲಯವೂ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ತಮ್ಮ ಬಡಾವಣೆಯ ಪಾರ್ಕ್ ಹೋಗುತ್ತದೆ ಎಂದಾಗ ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದ್ದೇ ಇದೆ ಎಂಬುದು ಇದರಿಂದ ಗಟ್ಟಿಯಾಯಿತು.

ಆದರೆ ಲೆಕ್ಕ ಹಾಕಿ, ಆದೇಶದಿಂದ ಅಂತಿಮ ತೀರ್ಪಿಗೆ 15 ವರ್ಷ! ಅಷ್ಟು ತಾಳ್ಮೆ, ಅಷ್ಟು ಖರ್ಚು ಎಲ್ಲರಿಗೂ ಸಾಧ್ಯವೇ? ಅದಕ್ಕಿಂತ ಹದಿನೈದು ದಿನದ ಎಚ್ಚರ ಮೇಲು.

ಪೇಪರಿನ ಮೂಲೆಯ ಪ್ರಕಟಣೆ

ಏನಿದು ಹದಿನೈದು ದಿನ ಅಂತೀರಾ? ಮಾಸ್ಟರ್ ಪ್ಲಾನ್‌ನಲ್ಲಿ 'ವಸತಿ' ಎಂದಿರುವ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಪ್ರಕಾರ ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಜೊತೆಗೆ ಆ ಭಾಗದ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆಗೆ ಅವಕಾಶ ಕೊಡಬೇಕು. ನಾವೋ, ಅಂಥ ಪ್ರಕಟಣೆ ಬಂದ ಪೇಪರನ್ನು ಓದದೆ ಕಪಾಟಿಗೆ ಹಾಸಿಬಿಡುತ್ತೇವೆ! ನಿಮ್ಮ ಬಡಾವಣೆಯ ಹೆಸರು, ಸರ್ವೆ ನಂಬರ್ ಕಂಡರೆ ಕತ್ತರಿಸಿ ಇಟ್ಟುಕೊಳ್ಳಿ. ಕೊನೆಯ ದಿನಾಂಕಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನೀವು ಮಾಡಬಹುದಾದ್ದು

* ಗಾಳಿಸುದ್ದಿ ನಂಬಿ ಜಗಳಕ್ಕೆ ಹೋಗಬೇಡಿ. ಆ ಸೈಟು ಮಾಸ್ಟರ್ ಪ್ಲಾನ್‌ನಲ್ಲಿ ಯಾವ ವಲಯದಲ್ಲಿದೆ ಎಂದು ಮೊದಲು ನೋಡಿ. ಅಲ್ಲಿ ಅಂಗಡಿಗೆ ಮೊದಲೇ ಅನುಮತಿ ಇದ್ದರೆ 14-ಎ ಆಕ್ಷೇಪಣೆ ನಡೆಯುವುದಿಲ್ಲ. ಆಗ ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆಯೇ, ಪಾರ್ಕಿಂಗ್ ಬಿಟ್ಟಿದ್ದಾರೆಯೇ ಎಂಬುದನ್ನು ಪ್ರಶ್ನಿಸಿ.

* ಮಾಹಿತಿ ಹಕ್ಕು ಅರ್ಜಿಯಲ್ಲಿ ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಕಾಲಾವಕಾಶ ಇರುವುದರಿಂದ ಆಕ್ಷೇಪಣೆ ಸಲ್ಲಿಸಲು ಇದಕ್ಕಾಗಿ ಕಾಯಬೇಡಿ.

* ಒಂದೇ ಪತ್ರಕ್ಕೆ ಐವತ್ತು ಸಹಿ ಹಾಕುವುದರ ಜೊತೆಗೆ ಪ್ರತಿ ಮನೆಯವರೂ ತಮ್ಮ ತೊಂದರೆ ಬರೆದು ಕೊಡಲಿ. ರಸ್ತೆಯ ಅಗಲ, ನೀರು, ಹತ್ತಿರದ ಶಾಲೆ ಎಲ್ಲ ಇರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

* ಪಾಯ ಅಗೆಯುವ ಮುಂಚೆಯೇ ನಿಮ್ಮ ಗೋಡೆ, ಕಾಂಪೌಂಡಿನ ಫೋಟೊ ದಿನಾಂಕ ಸಮೇತ ತೆಗೆದಿಡಿ. ನಾಳೆ ಬಿರುಕು ಬಿಟ್ಟರೆ ಅದೇ ಸಾಕ್ಷಿ.

* ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬಲ್. ಮೀರಿದರೆ ದೂರು ಕೊಡಿ.

ಬಿರುಕು ಒಳಗಿನಿಂದಲೇ ಬಂದರೆ?

ಎಲ್ಲಕ್ಕಿಂತ ಕಷ್ಟದ್ದು ಬಿಲ್ಡರ್ ಅಲ್ಲ, ನಮ್ಮವರೇ! ನಾಲ್ಕನೇ ಮನೆಯವರು ಜಾಸ್ತಿ ಬಾಡಿಗೆ ಆಸೆಗೆ ಕೆಳಮನೆಯನ್ನು ಗೋಡೌನಿಗೆ ಕೊಟ್ಟಿರುತ್ತಾರೆ. ಮತ್ತೊಬ್ಬರು 'ನಮ್ಮ ಸೈಟಿಗೂ ರೇಟ್ ಬರುತ್ತೆ ಬಿಡ್ರೀ' ಅಂತಾರೆ. ಅವರನ್ನು ದೂರ ಮಾಡಬೇಡಿ. ಮಗನ ಫೀಸಿಗೆ ಆ ಬಾಡಿಗೆಯೇ ಆಧಾರ ಇರಬಹುದು. ಒಂದು ಸಂಜೆ ಕಾಫಿಗೆ ಕರೆದು, ರಸ್ತೆಗೆ ಏನು ಬಂದರೆ ಎಲ್ಲರಿಗೂ ಅನುಕೂಲ, ಏನು ಬಂದರೆ ಎಲ್ಲರಿಗೂ ಕಷ್ಟ ಎಂದು ಕೂತು ಮಾತಾಡಿ. ಹಾಲಿನ ಬೂತಿಗೂ ಬಾರಿಗೂ ವ್ಯತ್ಯಾಸ ಇದೆಯಲ್ಲ! ಎಲ್ಲವನ್ನೂ ವಿರೋಧಿಸಿದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಸೈಟು ಅಳೆಯಲು ಟೇಪು ಹಿಡಿದು ಬಂದವರು, ಮರಕ್ಕೆ ಬಣ್ಣ ಬಳಿದು ಹೋದವರು ಮೊದಲು ಕಾಣುವುದು ಹಗಲು ಮನೆಯಲ್ಲಿರುವ ನಿಮಗೇ. ಹಾಗಾಗಿ ಸಂಜೆ ಯಜಮಾನರು ಬರಲಿ ಅಂತ ಕಾಯಬೇಡಿ. ಪಕ್ಕದ ಮನೆಯ ಬೆಲ್ ಒತ್ತಿ, ಪೆನ್ನು ಕೈಗೆ ತಗೊಳ್ಳಿ.