ಧ್ವಜ ಇಳಿದ ಮೇಲೂ ಉಳಿಯುವ ವಸಾಹತು

ವಸಾಹತುಶಾಹಿ ಎಂದೊಡನೆ ಬಂದೂಕು, ಕಂದಾಯ, ಸೆರೆಮನೆಗಳು ನೆನಪಾಗುತ್ತವೆ. ಆ ಸಾಲಿಗೆ ಶಾಲೆಯನ್ನೂ ಸೇರಿಸಬೇಕೆಂದು ತೋರಿಸಿಕೊಟ್ಟವರು ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ (1938-2025). ವಿಮೋಚನೆಯ ಹೋರಾಟವನ್ನು ಓದಿ ಅರಿಯಬಯಸುವವರಿಗೆ ಅವರ ಬದುಕು ಮತ್ತು ಬರಹ ಉತ್ತಮ ಪ್ರವೇಶದ್ವಾರವಾಗಿವೆ.

1895ರಲ್ಲಿ ಬ್ರಿಟನ್ನಿನ ರಕ್ಷಿತ ಪ್ರದೇಶವಾದ ಕೀನ್ಯಾ, 1920ರಲ್ಲಿ ಅಧಿಕೃತವಾಗಿ ಅದರ ವಸಾಹತಾಯಿತು. ಎತ್ತರದ ಪ್ರದೇಶದ ಫಲವತ್ತಾದ ಭೂಮಿ ಬಿಳಿಯ ವಲಸಿಗರ ಪಾಲಾಯಿತು. ಗಿಕುಯು ಜನರಲ್ಲಿ ಅನೇಕರು ತಮ್ಮ ನೆಲದಲ್ಲಿಯೇ ಕೂಲಿಯಾಳುಗಳಾದರು. ಭೂಮಿ ಮತ್ತು ಸ್ವಾತಂತ್ರ್ಯಕ್ಕಾಗಿ ಮೌ ಮೌ ಹೋರಾಟ ಹಬ್ಬಿದಾಗ, 1952ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಅದು ಮುಗಿದದ್ದು 1960ರಲ್ಲಿ. 1963ರ ಡಿಸೆಂಬರ್ 12ರಂದು ದೇಶ ಸ್ವತಂತ್ರವಾಯಿತು.

ಗೂಗಿ ಬಾಲಕರಾಗಿದ್ದುದು ಆ ತುರ್ತು ಪರಿಸ್ಥಿತಿಯ ದಿನಗಳಲ್ಲಿ. ದೇಶಾಭಿಮಾನಿಗಳು ನಡೆಸುತ್ತಿದ್ದ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಪಾಠವೆಲ್ಲ ಇಂಗ್ಲಿಷಿಗೆ ತಿರುಗಿತು. ಶಾಲೆಯ ಆವರಣದಲ್ಲಿ ಗಿಕುಯು ಮಾತನಾಡಿ ಸಿಕ್ಕಿಬಿದ್ದ ಮಗುವಿಗೆ ಬೆತ್ತದ ಏಟು ಬೀಳುತ್ತಿತ್ತು, ಇಲ್ಲವೇ ದಡ್ಡನೆಂದು ಬರೆದ ಲೋಹದ ಫಲಕ ಕೊರಳಿಗೆ ಬೀಳುತ್ತಿತ್ತು. ತಪ್ಪಿತಸ್ಥರನ್ನು ಹಿಡಿಯುವ ಉಪಾಯವಂತೂ ಇನ್ನೂ ಕ್ರೂರವಾದುದು. ಬೆಳಿಗ್ಗೆ ಒಂದು ಗುಂಡಿಯನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಡಲಾಗುತ್ತಿತ್ತು. ತಾಯ್ನುಡಿಯಾಡಿದವನ ಕೈಗೆ ಆತ ಅದನ್ನು ದಾಟಿಸಬೇಕು; ಅದು ಹೀಗೆಯೇ ಕೈಯಿಂದ ಕೈಗೆ ಸಾಗಬೇಕು. ಸಂಜೆ ಗುಂಡಿ ಯಾರ ಬಳಿ ಇದೆಯೋ ಆತ ತನಗೆ ಕೊಟ್ಟವನ ಹೆಸರು ಹೇಳಬೇಕು. ಆಗ ದಿನದ ತಪ್ಪಿತಸ್ಥರೆಲ್ಲ ಬಯಲಾಗುತ್ತಿದ್ದರು. ಮಕ್ಕಳೇ ಮಕ್ಕಳ ಬೇಹುಗಾರರಾದರು.

ಭೂಮಿಯನ್ನು ಕಸಿದುಕೊಂಡರೆ ಹೊಟ್ಟೆಗೆ ಪೆಟ್ಟು. ಭಾಷೆಯ ಬಗ್ಗೆ ನಾಚಿಕೆ ಹುಟ್ಟಿಸಿದರೆ ಮನಸ್ಸಿಗೆ ಪೆಟ್ಟು. ಎರಡನೆಯದು ಸ್ವಾತಂತ್ರ್ಯ ಬಂದರೂ ಮಾಯುವುದಿಲ್ಲವೆಂಬುದು ಗೂಗಿಯವರ ವಾದದ ತಿರುಳು. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಇಂಗ್ಲಿಷನ್ನು ಬಗ್ಗಿಸಿ ಆಫ್ರಿಕದ ಅನುಭವವನ್ನು ಹೇಳಬಹುದೆಂದು ನೈಜೀರಿಯದ ಚಿನುವ ಅಚಿಬೆ ನಂಬಿದ್ದರು. ಗೂಗಿಯವರೂ ಮೊದಲ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿಯೇ ಬರೆದವರು.

1977ರ ಘಟನೆಗಳು ಈ ಚರ್ಚೆಗೆ ಹೊಸ ಅರ್ಥ ಕೊಟ್ಟವು. ಆ ವರ್ಷ ಪ್ರಕಟವಾದ ಅವರ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಸ್ವತಂತ್ರ ಕೀನ್ಯಾದ ಹೊಸ ಧಣಿಗಳನ್ನು ಕಟುವಾಗಿ ಟೀಕಿಸಿತ್ತು. ಅದಕ್ಕಾಗಿ ಅವರ ಬಂಧನವಾಗಲಿಲ್ಲ. ಅದೇ ವರ್ಷ ಅವರು ಗೂಗಿ ವಾ ಮಿರಿಯವರೊಡನೆ ಗಿಕುಯು ಭಾಷೆಯಲ್ಲಿ ಒಂದು ನಾಟಕ ಬರೆದರು. ಬಡ ಕುಟುಂಬವೊಂದು ತನಗಿದ್ದ ತುಂಡು ಭೂಮಿಯನ್ನು ಸಿರಿವಂತರಿಗೆ ಕಳೆದುಕೊಳ್ಳುವ ಕಥೆಯದು. ಹುಟ್ಟೂರು ಕಮಿರಿಥುವಿನಲ್ಲಿ ರೈತರೂ ಕಾರ್ಮಿಕರೂ ಅದನ್ನು ಬಯಲು ರಂಗಮಂದಿರದಲ್ಲಿ ಆಡಿದರು. ಕೆಲವೇ ವಾರಗಳಲ್ಲಿ ಪ್ರದರ್ಶನದ ಪರವಾನಗಿ ರದ್ದಾಯಿತು. ವರ್ಷಾಂತ್ಯದಲ್ಲಿ ಗೂಗಿ ಸೆರೆಯಾದರು. ಸೆರೆಗೆ ತಳ್ಳಿದ್ದು ಬ್ರಿಟಿಷರಲ್ಲ, ಸ್ವತಂತ್ರ ಕೀನ್ಯಾದ ಸರ್ಕಾರ.

ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಮಿಟಿ ಕಾರಾಗೃಹದಲ್ಲಿದ್ದ ಅವರು, ಶೌಚಾಲಯದ ಕಾಗದದ ಮೇಲೆ ಗಿಕುಯು ಕಾದಂಬರಿಯೊಂದನ್ನು ಬರೆದರು. ಅದು 1980ರಲ್ಲಿ ಪ್ರಕಟವಾಯಿತು. 1982ರಲ್ಲಿ ಕಮಿರಿಥುವಿನ ರಂಗಮಂದಿರವನ್ನು ನೆಲಸಮ ಮಾಡಲಾಯಿತು. ಅದೇ ವರ್ಷ ಅವರ ದೇಶಭ್ರಷ್ಟ ಜೀವನವೂ ಆರಂಭವಾಯಿತು. 1986ರ 'ಡಿಕಾಲನೈಸಿಂಗ್ ದ ಮೈಂಡ್' ಕೃತಿಯಲ್ಲಿ ಈ ಅನುಭವಗಳೆಲ್ಲ ವಿಚಾರರೂಪ ಪಡೆದಿವೆ. ಅದನ್ನು ರಹಮತ್ ತರೀಕೆರೆ ಕನ್ನಡಕ್ಕೆ ತಂದಿದ್ದಾರೆ.

ಗೂಗಿಯವರದು ಇಂಗ್ಲಿಷ್ ದ್ವೇಷವಲ್ಲ. ತಮ್ಮ ಹಲವು ಗಿಕುಯು ಕೃತಿಗಳನ್ನು ಅವರೇ ಇಂಗ್ಲಿಷಿಗೆ ಅನುವಾದಿಸಿದರು. ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ಅವಮಾನಿಸಬೇಕೇ ಎಂಬುದಷ್ಟೇ ಅವರ ಪ್ರಶ್ನೆ. ಕನ್ನಡ ಮಾತನಾಡಿದ ಮಗುವಿಗೆ ದಂಡ ವಿಧಿಸುವ ಶಾಲೆ ಎಲ್ಲಿಯಾದರೂ ಇದ್ದರೆ, ಆ ಗುಂಡಿ ಅಲ್ಲಿ ಇನ್ನೂ ಕೈಯಿಂದ ಕೈಗೆ ಸಾಗುತ್ತಿದೆ ಎಂದೇ ಅರ್ಥ.