ದೂರದ ಓಟ ಮತ್ತು ಕಾಲಿನ ನೋವು

ನಮ್ಮ ಜತ್ತ ತಾಲೂಕಿನ ಜನರಿಗೆ ದೂರ ನಡೆಯುವುದು ಹೊಸದಲ್ಲ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ವಿಜಯಪುರದ ಕಡೆಯಿಂದ ಭಕ್ತರು ಪಾದಯಾತ್ರೆ ಮಾಡುತ್ತ ಬರುವುದನ್ನು ನಾವು ಚಿಕ್ಕಂದಿನಿಂದಲೂ ಕಂಡಿದ್ದೇವೆ. ದಾರಿಯ ಬದಿಯ ಬೇವಿನ ಗಿಡದ ಕೆಳಗೆ ಕುಳಿತು ಅಂಗಾಲಿನ ಬೊಬ್ಬೆ ನೋಡಿಕೊಳ್ಳುವವರಿಗೆ ಬಿಸಿನೀರು, ಕೊಬ್ಬರಿ ಎಣ್ಣೆ ಕೊಟ್ಟವರಲ್ಲಿ ನಾವೂ ಇದ್ದೇವೆ. ಆದರೆ ದೂರ ಓಡುವುದು ಬೇರೆಯೇ ಸಂಗತಿ. ನಡೆಯುವಾಗ ಒಂದು ಕಾಲಾದರೂ ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಕಾಲು ಕ್ಷಣಮಾತ್ರ ಗಾಳಿಯಲ್ಲಿದ್ದು, ಮರುಕ್ಷಣ ಒಂದೇ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಎಂದು ಹಿಡಿದರೂ, ಮ್ಯಾರಥಾನ್ ಎಂಬ 42 ಕಿಲೋಮೀಟರ್ 195 ಮೀಟರ್ ಓಟದಲ್ಲಿ ಈ ಪೆಟ್ಟು ಎಷ್ಟು ಸಾವಿರ ಸಲ ಬೀಳುತ್ತದೆಂಬುದನ್ನು ನಮ್ಮ ಐದನೆಯ ಇಯತ್ತೆಯ ಮಕ್ಕಳೂ ಲೆಕ್ಕ ಹಾಕಬಲ್ಲರು.

ಈ ಲೇಖನವನ್ನು ಬರೆಯಲು ಕಾರಣವುಂಟು. ಈಗ ನಮ್ಮ ಹತ್ತನೆಯ ಇಯತ್ತೆಯ ಕೆಲವು ಹುಡುಗರು ಮುಂಜಾನೆ ಐದಕ್ಕೆ ಉಮದಿಯ ರಸ್ತೆಯಲ್ಲಿ ಓಡುತ್ತಿರುವುದು ನಮ್ಮ ಗಮನಕ್ಕೆ ಬಂದಿದೆ. ಕೆಲವರಿಗೆ ಪೊಲೀಸ್ ಭರತಿಯ 1600 ಮೀಟರ್ ಓಟದ ಕನಸು, ಕೆಲವರಿಗೆ ಸೈನ್ಯದ ಕನಸು. ಒಬ್ಬಿಬ್ಬರು ಮೊಬೈಲಿನಲ್ಲಿ ನೋಡಿ ಮ್ಯಾರಥಾನ್ ಎನ್ನುತ್ತಿದ್ದಾರೆ. ಅವರ ಉತ್ಸಾಹಕ್ಕೆ ನೀರು ಎರಚುವುದು ನಮ್ಮ ಉದ್ದೇಶವಲ್ಲ. ಆದರೆ ಇದೇ ರಸ್ತೆಯಲ್ಲಿ ನಾವು ಮಾಡಿದ ಒಂದು ತಪ್ಪು ನಮ್ಮೊಳಗೆ ಚುಚ್ಚುತ್ತಿದೆ. ಅದನ್ನು ಅವರಿಗೆ ಹೇಳದೆ ಇರಲಾರೆವು.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಕೂಡಿ ಓಟ ಆರಂಭಿಸಿದೆವು. ಇಬ್ಬರು ಶಿಕ್ಷಕರು, ಒಬ್ಬರು ದಾಳಿಂಬೆ ತೋಟದ ರೈತರು, ನಾಲ್ಕನೆಯವನು ಸೈನ್ಯದ ಭರತಿಗಾಗಿ ತಯಾರಿ ನಡೆಸಿದ್ದ ತರುಣ. ಅವನ ಹೆಸರು ಇಲ್ಲಿ ಬೇಡ. ಮೊದಲ ತಿಂಗಳು ದಿನ ಬಿಟ್ಟು ದಿನ ನಾಲ್ಕೈದು ಕಿಲೋಮೀಟರ್ ಓಡಿದೆವು. ಉಸಿರು ಬೇಗ ಹದಕ್ಕೆ ಬಂತು. ಉಸಿರು ಬಂದ ಮೇಲೆ ದುರಾಸೆಯೂ ಬಂತು. ವಾರಕ್ಕೆ ಇಪ್ಪತ್ತು ಕಿಲೋಮೀಟರ್ ಇದ್ದದ್ದನ್ನು ಎರಡೇ ವಾರದಲ್ಲಿ ನಲವತ್ತು ಮಾಡಿದೆವು. ಮೋಸ ಇರುವುದು ಇಲ್ಲಿಯೇ. ಹೃದಯ, ಶ್ವಾಸಕೋಶಗಳು ವಾರಗಳಲ್ಲಿ ಬಲಗೊಳ್ಳುತ್ತವೆ. ಸ್ನಾಯುಗಳಿಗೆ ಇನ್ನೂ ಕೆಲವು ವಾರ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ನರಹುರಿಗಳಿಗೂ ಎಲುಬಿಗೂ ತಿಂಗಳುಗಳೇ ಹಿಡಿಯುತ್ತವೆ. ಹೊಸ ಹೋರಿಗೆ ಕಸುವಿದೆಯೆಂದು ಮೊದಲ ದಿನವೇ ಇಡೀ ಹೊಲ ಹೂಡುವ ರೈತ ನಮ್ಮಲ್ಲಿ ಯಾರೂ ಇಲ್ಲ. ನಮ್ಮ ಕಾಲಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ನಮಗೆ ಹೊಳೆಯಲಿಲ್ಲ.

ನೋವಿನಲ್ಲಿ ಜಾತಿಗಳುಂಟು. ಮೊದಲನೆಯದು ಸ್ನಾಯುವಿನ ನೋವು. ರೂಢಿಯಿಲ್ಲದಷ್ಟು ಓಡಿದರೆ ಆ ದಿನ ಏನೂ ಅನಿಸುವುದಿಲ್ಲ. ಮರುದಿನ, ಅದಕ್ಕಿಂತ ಮೂರನೆಯ ದಿನ ತೊಡೆ, ಮೀನಖಂಡಗಳು ಕಟ್ಟಿಗೆಯಂತಾಗುತ್ತವೆ. ಇದಕ್ಕೆ ಕಾರಣ ಲ್ಯಾಕ್ಟಿಕ್ ಆಮ್ಲ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಕಲಿತಿದ್ದೆವು, ಶಿಕ್ಷಕರಾದ ಮೇಲೆ ಕಲಿಸಿಯೂ ಇದ್ದೆವು. ಅದು ತಪ್ಪು. ಆ ಆಮ್ಲ ಓಟ ನಿಂತ ಒಂದೆರಡು ತಾಸಿನೊಳಗೆ ರಕ್ತದಿಂದ ಹೋಗಿಬಿಡುತ್ತದೆ. ಮೂರನೆಯ ದಿನದ ನೋವಿಗೆ ಅದು ಹೊಣೆಯಲ್ಲ. ಸ್ನಾಯುವಿನ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಹರಿದು, ಅವುಗಳ ದುರಸ್ತಿಗಾಗಿ ಬಾವು ಬರುವುದೇ ಈ ನೋವು. ಸ್ನಾಯು ಭಾರ ಹೊತ್ತು ಉದ್ದವಾಗುವಾಗ, ಅಂದರೆ ಇಳಿಜಾರಿನಲ್ಲಿ ಇಳಿಯುವಾಗ, ಎಳೆಗಳು ಹೆಚ್ಚು ಹರಿಯುತ್ತವೆ. ನಮ್ಮಲ್ಲಿ ಇಬ್ಬರು ಮುಂದೆ ಮುಂಬಯಿಯಲ್ಲಿ ಪೂರ್ಣ ಮ್ಯಾರಥಾನ್ ಓಡಿ ರೈಲಿನಲ್ಲಿ ಮರಳಿದಾಗ ಮಿರಜ ಸ್ಟೇಶನ್ನಿನ ಮೆಟ್ಟಿಲುಗಳನ್ನು ಕಟಾಂಜನ ಹಿಡಿದು ಹಿಂದುಮುಖವಾಗಿ ಇಳಿದೆವು. ಹತ್ತಲು ಅಷ್ಟು ತೊಂದರೆಯಿರಲಿಲ್ಲ, ಇಳಿಯಲು ಆಗಲಿಲ್ಲ. ಹಮಾಲರು ನಕ್ಕರು. ನಗುವುದು ಸಹಜವೇ.

ಈ ನೋವಿಗೆ ಹೆದರಬೇಕಾಗಿಲ್ಲ. ಅದು ಎರಡೂ ಕಾಲುಗಳಲ್ಲಿ ಸಮನಾಗಿ, ಅಗಲವಾಗಿ ಇರುತ್ತದೆ. ಸ್ವಲ್ಪ ನಡೆದಾಡಿದರೆ ಸಡಿಲಾಗುತ್ತದೆ. ನಾಲ್ಕೈದು ದಿನಗಳಲ್ಲಿ ಹೋಗುತ್ತದೆ. ಒಮ್ಮೆ ದುರಸ್ತಿಯಾದ ಸ್ನಾಯು ಅದೇ ಕೆಲಸಕ್ಕೆ ಎರಡನೆಯ ಸಲ ಅಷ್ಟು ನೋಯುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ಹಿತವೆನಿಸುತ್ತದೆ, ಬಾವಿಯ ತಣ್ಣೀರಿನಲ್ಲಿ ಕಾಲು ಇಟ್ಟುಕೊಂಡರೂ ಹಿತವೇ. ಅದರಿಂದ ಗಾಯ ಬೇಗ ಮಾಯುತ್ತದೆಂದು ಮಾತ್ರ ನಂಬಬಾರದು. ಮಾಯಿಸುವುದು ಕಾಲ, ಅನ್ನ ಮತ್ತು ನಿದ್ದೆ.

ಎರಡನೆಯದು ಎಲುಬಿನ ನೋವು. ನಮ್ಮ ತರುಣನಿಗೆ ಮೂರನೆಯ ತಿಂಗಳಲ್ಲಿ ಬಲಗಾಲಿನ ಕಣಕಾಲೆಲುಬಿನ ಒಳಬದಿಯಲ್ಲಿ ನೋವು ಕಾಣಿಸಿತು. ಮೊದಮೊದಲು ಓಟದ ಆರಂಭದಲ್ಲಿ ಇದ್ದು, ಮೈ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು. ಗೇಣುದ್ದ ಹರಡಿದ ಇಂಥ ನೋವು ಹೊಸ ಓಟಗಾರರಲ್ಲಿ ಬಹಳ ಸಾಮಾನ್ಯ. ಆಗಲೇ ಓಟ ಕಡಿಮೆ ಮಾಡಿದ್ದರೆ ಎರಡು ಮೂರು ವಾರಗಳಲ್ಲಿ ಅದು ಶಾಂತವಾಗುತ್ತಿತ್ತೋ ಏನೋ. ಅವನು ನಮಗೆ ಹೇಳಿದ. ನಾವು ಅಂದದ್ದು ಇಷ್ಟು: ಸೈನ್ಯಕ್ಕೆ ಹೋಗುವವನು ಇಷ್ಟಕ್ಕೆ ಕುಂಟಿದರೆ ಹೇಗೆ? ಅವನು ಮತ್ತೆ ಹೇಳಲಿಲ್ಲ. ಓಟಕ್ಕೆ ಮುಂಚೆ ನೋವಿನ ಗುಳಿಗೆ ನುಂಗಿ ಬರುತ್ತಿದ್ದನೆಂಬುದು ನಮಗೆ ತಿಳಿದದ್ದು ಆಮೇಲೆ. ಭರತಿಗೆ ಇನ್ನು ಐದು ವಾರವಿರುವಾಗ ಒಂದು ಮುಂಜಾನೆ ಹಳ್ಳದ ಸೇತುವೆಯ ಬಳಿ ಅವನು ಕುಳಿತುಬಿಟ್ಟ. ಬೆರಳಿಟ್ಟು ತೋರಿಸಿದ ಜಾಗ ಎಂಟಾಣೆಯಷ್ಟು. ಅಲ್ಲಿ ಮುಟ್ಟಿದರೆ ಕೂಗುತ್ತಿದ್ದ. ರಾತ್ರಿ ಮಲಗಿದಾಗಲೂ ನೋಯುತ್ತಿದೆ ಎಂದ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂರು ವಾರದ ನಂತರ ತೆಗೆದ ಎರಡನೆಯದರಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು.

ಕಲ್ಲಿನಂಥ ಎಲುಬು ಓಡುವುದರಿಂದ ಬಿರುಕು ಬಿಡುವುದು ಹೇಗೆಂದು ಹುಡುಗರು ಕೇಳುತ್ತಾರೆ. ಎಲುಬು ಕಲ್ಲಲ್ಲ, ಜೀವವುಳ್ಳದ್ದು. ಹೆಚ್ಚಿನ ಭಾರ ಬಿದ್ದಾಗ ದೇಹವು ಹಳೆಯ ಎಲುಬನ್ನು ಅಲ್ಲಲ್ಲಿ ಕೆತ್ತಿ ತೆಗೆದು ಅಲ್ಲಿ ಹೊಸದನ್ನು ಕಟ್ಟುತ್ತದೆ. ಕೆತ್ತುವ ಜೀವಕೋಶಗಳು ಬೇರೆ, ಕಟ್ಟುವವು ಬೇರೆ. ಕೆತ್ತುವ ಕೆಲಸ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವ ಕೆಲಸಕ್ಕೆ ಮೂರು ತಿಂಗಳೂ ಹಿಡಿಯಬಹುದು. ಮಳೆಗಾಲದ ಮುಂದೆ ಮಣ್ಣಿನ ಗೋಡೆಯನ್ನು ಕೆತ್ತಿ ಬಿಟ್ಟಂತೆ, ಈ ನಡುವಿನ ಕಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಚೆನ್ನಾಗಿದೆಯೆಂದು ಆಗಲೇ ಓಟ ಹೆಚ್ಚಿಸಿದರೆ ಗೋಡೆ ಬಿರಿಯುತ್ತದೆ. ಹೊಸ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರುವುದೂ ಇದಕ್ಕಾಗಿಯೇ. ಮಾಯಲು ಆರಂಭವಾಗಿ ಸುತ್ತ ಹೊಸ ಎಲುಬು ಬೆಳೆದ ಮೇಲೆಯೇ ಅದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮೊದಲ ಚಿತ್ರ ಶುದ್ಧವಾಗಿದ್ದರೂ ನೋವು ಒಂದೇ ಬಿಂದುವಿನಲ್ಲಿ ನಿಂತಿದ್ದರೆ ಓಡಬಾರದು, ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ಅಂಥ ಜಾಗವನ್ನು ಯಾರಿಂದಲೂ ತಿಕ್ಕಿಸಿಕೊಳ್ಳಬಾರದು.

ಗುಳಿಗೆಯ ವಿಷಯ. ನೋವೆಂದರೆ ಹೊಲ ಕಾಯುವ ನಾಯಿ ಬೊಗಳಿದಂತೆ. ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುವುದಿಲ್ಲ. ಅಲ್ಲದೆ ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದಾಗ ಐಬುಪ್ರೊಫೆನ್‌ನಂಥ ಗುಳಿಗೆಗಳು ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲವು. ಓಡುವುದಕ್ಕಾಗಿ ಗುಳಿಗೆ ನುಂಗಬೇಕಾಗಿ ಬಂದರೆ ಆ ದಿನ ಓಡುವ ದಿನವಲ್ಲ.

ಇಷ್ಟು ಹೇಳಿದಾಗ ಒಬ್ಬ ಜಾಣ ವಿದ್ಯಾರ್ಥಿ ನಮ್ಮನ್ನು ಕೇಳಿದ: ಹಿಂದಿನವರು ಬರಿಗಾಲಲ್ಲಿ ಓಡಲಿಲ್ಲವೇ ಗುರುಗಳೇ? ಓಡಿದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರನ್ನು ನಮ್ಮ ಮಕ್ಕಳು ಅವಶ್ಯ ತಿಳಿದಿರಬೇಕು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೆಗಳಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ 1920ರಲ್ಲಿ ಭಾರತದ ತಂಡ ಬೆಲ್ಜಿಯಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋಯಿತು. ಅಲ್ಲಿಯ ಮ್ಯಾರಥಾನ್ ದಾರಿ ಇಂದಿನದಕ್ಕಿಂತಲೂ ಉದ್ದ, 42.75 ಕಿಲೋಮೀಟರ್. 42.195 ಎಂಬ ಅಳತೆ ಎಲ್ಲೆಡೆ ನಿಗದಿಯಾದದ್ದು ಮರುವರ್ಷ. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್, ಚೌಗುಲೆಯವರಿಗಿಂತ ಸುಮಾರು ಹದಿನೆಂಟು ನಿಮಿಷ ಮುಂದೆ. ಇದು ನೂರು ವರ್ಷದ ಹಿಂದಿನ ಮಾತು ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ಆದರೆ ಅದೇ ದಿನ ಅದೇ ದಾರಿಯಲ್ಲಿ ಓಡಿದ ಭಾರತದ ಇನ್ನೊಬ್ಬ ಓಟಗಾರ ಸದಾಶಿವ ದಾತಾರರಿಗೆ ಓಟ ಮುಗಿಸಲಾಗಲಿಲ್ಲ. ನಾವು ಗುರಿ ಮುಟ್ಟಿದವರ ಹೆಸರನ್ನು ಬಾಯಿಪಾಠ ಮಾಡುತ್ತೇವೆ, ಕಾಲು ಕೈಕೊಟ್ಟು ದಾರಿಯಲ್ಲೇ ನಿಂತವರನ್ನು ಎಣಿಸುವುದಿಲ್ಲ. ಬರಿಗಾಲು ಹೆಚ್ಚೋ ಬೂಟು ಹೆಚ್ಚೋ ಎಂಬ ವಾದದಲ್ಲಿ ನಮಗೆ ಆಸಕ್ತಿಯಿಲ್ಲ. ಚಿಕ್ಕಂದಿನಿಂದ ಹೊಲದಲ್ಲಿ ನಡೆದು ಗಟ್ಟಿಯಾದ ಕಾಲು ಬೇರೆ, ಬೆಂಚಿನ ಮೇಲೆ ಕುಳಿತು ಮೋಟರ್‌ಸೈಕಲ್ಲಿನ ಮೇಲೆ ಊರಿಗೆ ಮರಳುವ ಕಾಲು ಬೇರೆ.

ಹಾಗಾದರೆ ತಯಾರಿ ಹೇಗಿರಬೇಕು? ವಾರದಲ್ಲಿ ಮೂರು ಅಥವಾ ನಾಲ್ಕು ದಿನ ಓಟ ಸಾಕು. ಅದರಲ್ಲಿ ಹೆಚ್ಚಿನದು ಪಕ್ಕದವರೊಡನೆ ಮಾತನಾಡುತ್ತ ಓಡುವಷ್ಟು ನಿಧಾನವಾಗಿರಲಿ. ಒಂದು ದಿನ ಉದ್ದದ ಓಟ. ವಾರದಿಂದ ವಾರಕ್ಕೆ ಹತ್ತಕ್ಕೆ ಒಂದು ಪಾಲು ಹೆಚ್ಚಿಸುವುದು ಹಳೆಯ ರೂಢಿ. ಅದು ವಿಜ್ಞಾನದ ನಿಯಮವಲ್ಲದಿದ್ದರೂ ದುರಾಸೆಗೆ ಒಳ್ಳೆಯ ಮೂಗುದಾಣ. ಮೂರು ವಾರ ಹೆಚ್ಚಿಸಿ ನಾಲ್ಕನೆಯ ವಾರ ಇಳಿಸಬೇಕು. ಇದನ್ನು ನಮಗೆ ಮನಗಾಣಿಸಿದವರು ನಮ್ಮ ದಾಳಿಂಬೆಯ ಗೆಳೆಯರು. ದಾಳಿಂಬೆ ಗಿಡಕ್ಕೆ ವರ್ಷವೆಲ್ಲ ನೀರುಣಿಸುತ್ತ ಹೋದರೆ ಅದು ಎಲೆಯನ್ನೇ ಬಿಡುತ್ತದೆ. ಬಹಾರ ಹಿಡಿಯುವ ಮುಂಚೆ ಕೆಲವು ವಾರ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಟ್ಟರೆ ಮೈತುಂಬ ಹೂವು. ಓಡಿದಾಗ ನಾವು ಬಲಗೊಳ್ಳುವುದಿಲ್ಲ, ಸವೆಯುತ್ತೇವೆ. ಬಲ ಬರುವುದು ಆಮೇಲೆ, ಮಲಗಿದಾಗ. ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ಪ್ರೌಢಶಾಲೆಯ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಹನ್ನೆರಡರವರೆಗೆ ಮೊಬೈಲು ನೋಡಿ ಐದಕ್ಕೆ ಎದ್ದು ಓಡುವವನಿಗಿಂತ ಏಳರವರೆಗೆ ಮಲಗಿದವನೇ ಮೇಲು ಎಂದರೆ ಪಾಲಕರು ನಮ್ಮ ಮೇಲೆ ಸಿಟ್ಟಾಗಬಾರದು.

ಊಟಕ್ಕೆ ಡಬ್ಬಿಯ ಪುಡಿಗಳು ಬೇಡ. ಜೋಳದ ರೊಟ್ಟಿ, ಮಡಿಕೆಕಾಳು, ಶೇಂಗಾ ಹಿಂಡಿ, ಹಾಲು, ಮೊಸರು, ಒಗ್ಗಿದವರಿಗೆ ತತ್ತಿ ಇವುಗಳಲ್ಲಿ ಬೇಕಾದದ್ದೆಲ್ಲ ಇದೆ. ದೂರದ ಓಟದಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಎರಡು ತಾಸಿನ ಸುಮಾರಿಗೆ ತೀರುತ್ತ ಬರುತ್ತದೆ. ಮುಂಬಯಿಯಲ್ಲಿ ಕೊನೆಯ ಭಾಗದ ಪೆಡ್ಡರ್ ರೋಡಿನ ಏರಿನಲ್ಲಿ ನಮ್ಮ ಕಾಲು ನಮ್ಮದಲ್ಲವೆನಿಸಿದ್ದು ಅದರಿಂದಲೇ. ಕಿಸೆಯಲ್ಲಿದ್ದ ನಮ್ಮ ಸೀಮೆಯ ಒಣದ್ರಾಕ್ಷಿ ಆಗ ಕೆಲಸಕ್ಕೆ ಬಂತು. ಬಾಯಾರಿದಷ್ಟು ನೀರು ಕುಡಿಯಬೇಕು, ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ. ಬಾಯಾರದಿದ್ದರೂ ಕೊಡಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅಪಾಯವಾಗುತ್ತದೆ. ಚೈತ್ರ ವೈಶಾಖಗಳಲ್ಲಿ ಸೂರ್ಯ ಮೇಲೇರುವ ಮುಂಚೆಯೇ ಓಟ ಮುಗಿದಿರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಇದನ್ನು ಸಂಕೋಚವಿಲ್ಲದೆ ತಾಯಂದಿರೂ ಓದಲಿ. ಓಡುವ ಹುಡುಗಿ ಉಪವಾಸ ಮಾಡಬಾರದು. ಓಟಕ್ಕೆ ತಕ್ಕ ಊಟವಿಲ್ಲದಿದ್ದರೆ ಮುಟ್ಟು ನಿಲ್ಲಬಹುದು. ಅದು ನಿಂತರೆ ಎಲುಬೂ ಸವೆಯಲಾರಂಭಿಸಿತೆಂದು ತಿಳಿದು ವೈದ್ಯರನ್ನು ಕಾಣಬೇಕು. ರಕ್ತದಲ್ಲಿ ಕಬ್ಬಿಣದಂಶ ಎಷ್ಟಿದೆಯೆಂದು ನೋಡಿಸಿಕೊಳ್ಳುವುದೂ ಅಗತ್ಯ. ನಮ್ಮಂತೆಯೇ ಬರಗಾಲದ ನಾಡಾದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಲಲಿತಾ ಬಾಬರ್ 2012ರಿಂದ 2014ರವರೆಗೆ ಮೂರು ವರ್ಷ ಮುಂಬಯಿ ಮ್ಯಾರಥಾನಿನಲ್ಲಿ ಭಾರತೀಯ ಮಹಿಳೆಯರಲ್ಲಿ ಮೊದಲಿಗರಾಗಿ, 2016ರ ರಿಯೋ ಒಲಿಂಪಿಕ್ಸಿನ ಸ್ಟೀಪಲ್‌ಚೇಸ್ ಅಂತಿಮ ಸುತ್ತಿನಲ್ಲಿ ಹತ್ತನೆಯ ಸ್ಥಾನ ಪಡೆದರು. ಹುಡುಗಿಯರು ಓಡುವುದೇಕೆ ಎನ್ನುವವರಿಗೆ ಇಷ್ಟು ಸಾಕು.

ಶಾಲೆಯ ಮಕ್ಕಳು ಪೂರ್ಣ ಮ್ಯಾರಥಾನಿನ ಯೋಚನೆಯನ್ನೇ ಮಾಡಬಾರದು. ಮುಂಬಯಿಯ ಓಟದಲ್ಲಿ ಹದಿನೆಂಟು ತುಂಬದವರಿಗೆ ಅದಕ್ಕೆ ಪ್ರವೇಶವಿಲ್ಲ. ಬೆಳೆಯುತ್ತಿರುವ ಎಲುಬಿನ ತುದಿಗಳು ಇನ್ನೂ ಮೆತ್ತಗಿರುತ್ತವೆ. ಈಗ ಮೂರರಿಂದ ಐದು ಕಿಲೋಮೀಟರ್, ಆಟ, ಹೊಲದ ಕೆಲಸ ಸಾಕು.

ನಮ್ಮ ತರುಣ ಆ ವರ್ಷದ ಭರತಿಗೆ ಹೋಗಲಾಗಲಿಲ್ಲ. ಮರುವರ್ಷ ಸೈನ್ಯದ ವಯೋಮಿತಿ ದಾಟಿತ್ತು. ಅವನ ತಾಯಿ ನಮಗೆ ಏನೂ ಅನ್ನಲಿಲ್ಲ, ಚಹಾ ಕೊಟ್ಟರು. ಎರಡು ತಿಂಗಳು ಓಟವಿಲ್ಲ, ಆಮೇಲೆ ನಡಿಗೆ, ಆಮೇಲೆ ಒಂದು ನಿಮಿಷ ಓಟ ನಾಲ್ಕು ನಿಮಿಷ ನಡಿಗೆ. ಹೀಗೆ ಅವನು ಮತ್ತೆ ರಸ್ತೆಗೆ ಬಂದ. ಈಗ ಪೊಲೀಸ್ ಭರತಿಗೆ ತಯಾರಿ ನಡೆಸಿದ್ದಾನೆ, ಅಲ್ಲಿ ವಯಸ್ಸು ಇನ್ನೂ ಇದೆ. ಕಳೆದ ರವಿವಾರ ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಅವನು ನಿಂತ. ಮೀನಖಂಡ ಹಿಡಿಯುತ್ತಿದೆ, ಇಂದು ಸಾಕು ಎಂದ. ನಾವೂ ಓಟ ನಿಲ್ಲಿಸಿ ಅವನ ಜೊತೆ ಊರಿಗೆ ನಡೆದು ಬಂದೆವು.