ಕರ್ಮಫಲ ಮತ್ತು ಖರ್ಚಿನ ಚೀಟಿ

ಸಂಜೆಯ ಹೊತ್ತು ನಮ್ಮ ವಾಚನಾಲಯದ ಪತ್ರಿಕೆಯ ಮೇಜಿನ ಸುತ್ತ ಕುಳಿತವರಲ್ಲಿ ಯಾರಾದರೊಬ್ಬರು, ಇಂಥ ಮಂತ್ರಿ ಕುರ್ಚಿ ಕಳೆದುಕೊಂಡರೆಂಬ ಸುದ್ದಿ ಓದಿದೊಡನೆ, "ಮಾಡಿದ್ದುಣ್ಣೋ ಮಹರಾಯ" ಎಂದು ಕನ್ನಡಕ ಒರೆಸಿಕೊಳ್ಳುವುದನ್ನು ವಾಚಕರು ಕಂಡೇ ಇರುತ್ತೀರಿ. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಹೆಸರಾಗಿ ಇಟ್ಟದ್ದೂ ಈ ಗಾದೆಯನ್ನೇ. ಗಾದೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಉಣ್ಣುವವನ ಎಲೆಗೆ ಬಡಿಸುವವರು ಯಾರು ಎಂಬುದನ್ನು ಮಾತ್ರ ಇಲ್ಲಿ ಸ್ವಲ್ಪ ವಿಚಾರಿಸೋಣ.

ಹಿರಿಯರು ಕರ್ಮವನ್ನು ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಮೂರಾಗಿ ವಿಂಗಡಿಸಿದ್ದಾರೆ. ಕೂಡಿಟ್ಟದ್ದು ಒಂದು, ಅದರಲ್ಲಿ ಈಗ ಅನುಭವಕ್ಕೆ ಬಂದದ್ದು ಇನ್ನೊಂದು, ಇಂದು ಮಾಡಿ ಮುಂದಕ್ಕೆ ಸೇರಿಸುತ್ತಿರುವುದು ಮತ್ತೊಂದು. ಗಿರಣಿಯ ಕಚೇರಿಯಲ್ಲಿ ವೋಚರುಗಳ ನಡುವೆ ದಿನ ಕಳೆಯುವ ನಮಗೆ ಇದು ಹಳೆಯ ಬಾಕಿ, ಈ ಸಾಲಿನ ಖರ್ಚು, ಮುಂದಿನ ಪುಟಕ್ಕೆ ಒಯ್ದ ಮೊತ್ತ ಎಂಬಂತೆಯೇ ಕಾಣುತ್ತದೆ. ಕಷ್ಟವೇನೆಂದರೆ, ಆ ದೊಡ್ಡ ಲೆಕ್ಕದಲ್ಲಿ ಫಲ ಮುಂದಿನ ಜನ್ಮಕ್ಕೂ ಹೋಗಬಹುದು. ಸಾರ್ವಜನಿಕರ ಹಣ ಅಷ್ಟು ಕಾಲ ಕಾಯಲಾರದು.

ನಮ್ಮ ಊರಿಗೇ ಸಂಬಂಧಿಸಿದ ಒಂದು ಪ್ರಕರಣವಿದೆ. ಹುಚ್ಚೇಶ್ವರ ಗುರುಸಿದ್ಧ ಮುದಗಲ್ ಎಂಬವರು ಸ್ವಾತಂತ್ರ್ಯಾನಂತರದ ಹಂಗಾಮಿ ಸಂಸತ್ತಿನಲ್ಲಿ ಮುಂಬಯಿಯ ಪ್ರತಿನಿಧಿಯಾಗಿದ್ದರು. ಹೆಸರಿನಲ್ಲಿಯೇ ಕನ್ನಡ ನಾಡಿನ ಮಣ್ಣಿನ ವಾಸನೆ ಇದೆ. ಸಾಮಾನ್ಯರೂ ಅಲ್ಲ, ನ್ಯೂಯಾರ್ಕಿನಲ್ಲಿದ್ದಾಗ ಅಲ್ಲಿಯ ಕರಿಯ ಜನರ ನಾಯಕ ಮಾರ್ಕಸ್ ಗಾರ್ವೆಯವರ ಪತ್ರಿಕೆಯನ್ನು ಸಂಪಾದಿಸಿದವರು. ಇಂಥವರ ಮೇಲೆ ಬಂದ ಆಪಾದನೆ ಏನೆಂದರೆ, ಮುಂಬಯಿಯ ಚಿನ್ನಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು, ಸ್ಟಾಂಪ್ ಸುಂಕ ಮೊದಲಾದ ವಿಷಯಗಳಲ್ಲಿ ಆ ವರ್ತಕರ ಪರವಾಗಿ ಸಂಸತ್ತಿನಲ್ಲಿ ಪ್ರಚಾರ ಮಾಡಲು ಒಪ್ಪಿಕೊಂಡರು ಎಂಬುದು.

1951ರ ಜೂನ್ 8ರಂದು ಸಭೆಯು ಟಿ. ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯಲ್ಲಿ ಐವರ ಸಮಿತಿಯನ್ನು ನೇಮಿಸಿತು. ದುರ್ಗಾಬಾಯಿಯವರೂ, ನಮ್ಮ ಮುಂಬಯಿಯ ಅರ್ಥಶಾಸ್ತ್ರಜ್ಞ ಪ್ರೊಫೆಸರ್ ಕೆ. ಟಿ. ಶಾಹ ಅವರೂ ಅದರಲ್ಲಿದ್ದರು. ಸಮಿತಿ ಸಾಕ್ಷ್ಯ ನೋಡಿ, ಈ ನಡತೆ ಸಭೆಯ ಘನತೆಗೆ ಕುಂದು ತರುವಂಥದು ಎಂದು ತೀರ್ಮಾನಿಸಿತು. ಸೆಪ್ಟೆಂಬರಿನಲ್ಲಿ ಅವರನ್ನು ಹೊರಹಾಕುವ ಗೊತ್ತುವಳಿಯನ್ನು ತಂದವರು ಪ್ರಧಾನಿ ನೆಹರೂ ಅವರೇ. ಮುದಗಲ್ ಅವರಾದರೂ ಅವರದೇ ಪಕ್ಷದವರು. ಚರ್ಚೆಯಲ್ಲಿ ತಮ್ಮ ಮಾತು ಮುಗಿಸಿದ ಮುದಗಲ್ ಅವರು ರಾಜೀನಾಮೆಯ ಪತ್ರವನ್ನು ಉಪಾಧ್ಯಕ್ಷರ ಕೈಗಿತ್ತರು. ಸಭೆ ಅದಕ್ಕೂ ಸುಮ್ಮನಾಗಲಿಲ್ಲ. ಇವರು ಹೊರಹಾಕಲ್ಪಡಲು ಅರ್ಹರೇ ಆಗಿದ್ದರು, ರಾಜೀನಾಮೆಯ ಪತ್ರದ ಮಾತುಗಳು ಸಭೆಯ ಅವಮಾನವಾಗಿದ್ದು ಅಪರಾಧವನ್ನು ಹೆಚ್ಚಿಸುತ್ತವೆ ಎಂದು ಸೆಪ್ಟೆಂಬರ್ 25ರಂದು ಗೊತ್ತುವಳಿಯನ್ನು ತಿದ್ದಿ ಸ್ವೀಕರಿಸಿತು.

ಇದರಲ್ಲಿ ಕರ್ಮ ಕೆಲಸ ಮಾಡಿದ ಬಗೆಯನ್ನು ನೋಡಿರಿ. ಆಕಾಶದಿಂದ ಏನೂ ಬೀಳಲಿಲ್ಲ. ಸಮಿತಿ ಕೂತಿತು, ಸಾಕ್ಷಿಗಳನ್ನು ಕರೆಯಿತು, ಪಕ್ಷದ ಮುಖ ನೋಡದೆ ಬರೆಯಿತು. ಜಮಾಖರ್ಚು ಬರೆಯುವವರಿಗೆಲ್ಲ ಗೊತ್ತಿರುವ ಒಂದು ಮಾತಿದೆ: ಒಬ್ಬನ ಪುಸ್ತಕದಲ್ಲಿ ಜಮಾ ಆದದ್ದು ಇನ್ನೊಬ್ಬನ ಪುಸ್ತಕದಲ್ಲಿ ಖರ್ಚಾಗಿಯೇ ಇರಬೇಕು. ಪಡೆದವನು ಬರೆಯದಿದ್ದರೂ ಕೊಟ್ಟವನು ಎಲ್ಲಾದರೂ ಬರೆದಿರುತ್ತಾನೆ. ಆದರೆ ಆ ಪುಸ್ತಕವನ್ನು ತೆಗೆದು ನೋಡುವ ಅಧಿಕಾರವೂ ಮನಸ್ಸೂ ಯಾರಿಗಾದರೂ ಇರಬೇಕು.

ಫಲ ಯಾವಾಗಲೂ ಪೂರ್ತಿ ಸಿಗುತ್ತದೆಂದೂ ಇಲ್ಲ. ಸಿಮೆಂಟಿಗೆ ಪರವಾನಗಿ ಬೇಕಾಗಿದ್ದ ಕಾಲವನ್ನು ಉಪನಗರಗಳಲ್ಲಿ ಮನೆ ಕಟ್ಟಿಸಿದ ಹಿರಿಯರು ಮರೆತಿರಲಾರರು. ಆಗಿನ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಕಟ್ಟಡದವರು ಕೊಟ್ಟ ದೇಣಿಗೆಗೂ ಅವರಿಗೆ ಸಿಕ್ಕ ಸಿಮೆಂಟಿಗೂ ನಂಟಿದೆಯೆಂಬುದನ್ನು 1981ರಲ್ಲಿ ಅರುಣ್ ಶೌರಿಯವರು ಪತ್ರಿಕೆಯಲ್ಲಿ ಬರೆದರು. 1982ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಅವರ ತೀರ್ಪು ಬಂತು, ಅಂತುಳೆಯವರು ರಾಜೀನಾಮೆ ಕೊಟ್ಟರು. ಆಗಲೂ "ಮಾಡಿದ್ದುಣ್ಣೋ" ಎಂದವರು ಬಹಳ ಮಂದಿ ಇದ್ದಿರಬೇಕು. ಆಮೇಲೆ ಏನಾಯಿತು? ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ ಬಂದು ವರ್ಷಗಳು ಉರುಳಿದವು, ಅಂತುಳೆಯವರು ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. ಕರ್ಮದ ಮೇಲೆ ಭಾರ ಹಾಕಿ ಮನೆಗೆ ಹೋದವರು ಇದಕ್ಕೆ ಏನು ಹೇಳುತ್ತಾರೋ ನಮಗೆ ತಿಳಿಯದು.

2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸದಸ್ಯರನ್ನು ಸಂಸತ್ತು ಹೊರಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1951ರ ಹಳೆಯ ಪುಟವನ್ನು ಆಗ ಮತ್ತೆ ತೆರೆದು ನೋಡಲಾಯಿತು.

ಇನ್ನು ಶುದ್ಧ ಖರ್ಚಿನ ಚೀಟಿಯ ಮಾತು ಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಲಂಡನ್ನಿನಲ್ಲಿ ಉಳಿದುಕೊಳ್ಳಲೆಂದು ಪಾರ್ಲಿಮೆಂಟಿನ ಸದಸ್ಯರಿಗೆ ಕೊಡುವ ಭತ್ಯೆಯ ಚೀಟಿಗಳು 2009ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಪ್ರಕಟವಾದವು. ಒಬ್ಬ ಮಹನೀಯರು ಕೊಳದ ಬಾತುಕೋಳಿಗಳಿಗೆ ಗೂಡು ಕಟ್ಟಿಸಿದ 1,645 ಪೌಂಡುಗಳನ್ನೂ ಕೇಳಿದ್ದರು! (ಕಚೇರಿಯವರು ಕೊಡಲಿಲ್ಲವೆಂಬುದು ಗುಮಾಸ್ತರ ಕುಲಕ್ಕೆ ಗೌರವದ ವಿಷಯ.) ಡೇವಿಡ್ ಚೇಟರ್ ಎಂಬವರು ತಮ್ಮದೇ ಮನೆಗೆ ಸುಳ್ಳು ಕರಾರು ಬರೆದು ಬಾಡಿಗೆ ಪಡೆದದ್ದಕ್ಕಾಗಿ 2011ರಲ್ಲಿ 18 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಸಭಾಧ್ಯಕ್ಷ ಮೈಕೇಲ್ ಮಾರ್ಟಿನ್ ಕೂಡ ಸ್ಥಾನ ಬಿಡಬೇಕಾಯಿತು. ಆ ಚೀಟಿಗಳನ್ನು ತೋರಿಸಿರೆಂದು ಒಬ್ಬ ಪತ್ರಿಕಾಕರ್ತೆ ವರ್ಷಗಟ್ಟಲೆ ಕಾನೂನಿನ ಹೋರಾಟ ನಡೆಸಿದ್ದರು ಎಂಬುದನ್ನು ಮರೆಯಬಾರದು.

ನಮ್ಮವರಿಗೆ ಇದು ಹೊಸದೇನೂ ಅಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ದೂರು ಹೋಯಿತಂತೆ. ಭಂಡಾರವನ್ನು ತೆಗೆಸಿ ಎಣಿಸಿದಾಗ ಕಾಸೂ ಕಡಿಮೆ ಇರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಎಲ್ಲರೂ ಇದನ್ನು ಪವಾಡವೆಂದು ಕೇಳುತ್ತಾರೆ. ನಮಗೆ ಹಿಡಿಸುವುದು ಎಣಿಸಿದರು ಎಂಬ ಮಾತು. ಬಸವಣ್ಣನವರಂಥವರೂ ಎಣಿಕೆಗೆ ಹೊರಗಾಗಿರಲಿಲ್ಲ.

ಮಂತ್ರಿಗಳ ಮಾತು ಇಷ್ಟು ಆಡಿದ ಮೇಲೆ ನಮ್ಮದನ್ನು ಮುಚ್ಚಿಡುವುದು ಸರಿಯಲ್ಲ. ಕಳೆದ ವಾರ್ಷಿಕೋತ್ಸವದ ಲೆಕ್ಕದಲ್ಲಿ "ಇತರ ಖರ್ಚು 1,840 ರೂಪಾಯಿ" ಎಂದು ಒಂದೇ ಸಾಲು ಬರೆದಿದ್ದೆವು. ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ಇತರ ಎಂದರೆ ಏನಪ್ಪಾ?" ಎಂದರು. ಸಂಬಳವಿಲ್ಲದೆ ದುಡಿಯುವವರನ್ನು ಹೀಗೆ ಕೇಳಬಹುದೇ ಎಂದು ನಮಗೆ ಕೋಪವೇ ಬಂದಿತ್ತು. ರಾತ್ರಿ ಕೂತು ಚೀಟಿಗಳನ್ನು ಹುಡುಕಿದೆವು. ಕುರ್ಚಿಯ ಬಾಡಿಗೆ, ಚಹಾ, ಹೂವು ಎಲ್ಲ ಸೇರಿ 1,490 ರೂಪಾಯಿಗೆ ರಸೀದಿ ಸಿಕ್ಕಿತು. ಉಳಿದ 350 ಟ್ಯಾಕ್ಸಿಯದು. ಎರವಲು ತಂದ ಹಾರ್ಮೋನಿಯಂ ಮುಟ್ಟಿಸಲೆಂದು ಹಿಡಿದ ಟ್ಯಾಕ್ಸಿ. ಹಾರ್ಮೋನಿಯಂ ಇಳಿಸಿದ ಮೇಲೆ, ರಾತ್ರಿಯಾಯಿತೆಂದು, ಅದೇ ಗಾಡಿಯಲ್ಲಿ ನಾವು ಮನೆಯವರೆಗೂ ಹೋಗಿದ್ದೆವು. ಯಾರೂ ಕೇಳದಿದ್ದರೆ ನಮಗೂ ಅದು ನೆನಪಾಗುತ್ತಿರಲಿಲ್ಲ.

ಮನೆಯವರೆಗಿನ ಪಾಲು 160 ರೂಪಾಯಿ ಎಂದು ಲೆಕ್ಕ ಹಾಕಿ ಕಟ್ಟಿದ್ದೇವೆ. ರಸೀದಿ ಪುಸ್ತಕದಲ್ಲಿ ದಾಖಲಾಗಿದೆ. ಲೆಕ್ಕದ ಕಡತವನ್ನು ಈಗ ಮಾಸಪತ್ರಿಕೆಗಳ ಕಪಾಟಿನ ಕೆಳಖಾನೆಯಲ್ಲಿ ಇಟ್ಟಿದೆ. ಬೀಗದ ಕೈ ಆಯಾ ದಿನದ ಸ್ವಯಂಸೇವಕರ ಬಳಿ ಇರುತ್ತದೆ. ಯಾವ ಸದಸ್ಯರೂ ಕೇಳಿ ಪಡೆಯಬಹುದು.